ಆರು ಗಂಟೆಯ ತಪ್ಪು

ವಾರ್ಡೋ ದ್ವೀಪದಲ್ಲಿ ನವೆಂಬರ್ ಮುಗಿಯುವ ಹೊತ್ತಿಗೆ
ಸೂರ್ಯ ಕದ ಎಳೆದುಕೊಂಡು ಹೋಗುತ್ತಾನೆ.
ಮತ್ತೆ ಮುಖ ತೋರಿಸುವುದು ಜನವರಿಯ ಕೊನೆಗೆ.
ಆ ಕತ್ತಲಲ್ಲಿ ಐಲರ್ಟ್, ಮೀನು ಕಾರ್ಖಾನೆಯ ಹಳೆಯ ಲೆಕ್ಕಿಗ,
ಹತ್ತೊಂಬತ್ತು ವರ್ಷದಿಂದ ಒಂದು ಪ್ರೋಗ್ರಾಮನ್ನು ಸಾಕಿಕೊಂಡಿದ್ದಾನೆ.
ಯಾವ ಬಂದರಿನಲ್ಲಿ ಎಷ್ಟು ಹೊತ್ತಿಗೆ ಉಬ್ಬರ, ಎಷ್ಟು ಹೊತ್ತಿಗೆ ಇಳಿತ,
ಅದು ಹೇಳುವುದು ಅಷ್ಟೇ.
ಕಾಸಿಲ್ಲ, ಬೀಗವಿಲ್ಲ, ಯಾರು ಬೇಕಾದರೂ ತೆರೆದು ಓದಬಹುದು,
ನಾಲ್ಕು ಸಾಲು ಬರೆದು ಕಳಿಸಬಹುದು.
ಎರಡನೆಯ ಸಲ ಕಳಿಸಿದವರನ್ನು ಎಣಿಸಲು ಮಾತ್ರ
ಒಂದು ಕೈ ಸಾಕು.

ಯಾಕೆಂದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು.
ಬಂದದ್ದನ್ನೆಲ್ಲ ರಾತ್ರೋರಾತ್ರಿ ತಾನೇ ಸರಿಮಾಡಿ ಹಾಕಿಬಿಡುತ್ತಿದ್ದ,
ಬಿಳಿ ಅಂಗಿಯ ಕಲೆ ತೊಳೆದ ಹಾಗೆ.
ಬರೆದವರು ಬೆಳಿಗ್ಗೆ ಎದ್ದು ಹುಡುಕಿದರೆ
ತಮ್ಮದೊಂದು ಅಲ್ಪವಿರಾಮವೂ ಅಲ್ಲಿ ಇರುತ್ತಿರಲಿಲ್ಲ.

ಡಿಸೆಂಬರ್ ಮೂರಕ್ಕೆ ಲಾಮು ದ್ವೀಪದಿಂದ ಬಂದವು
ಮ್ವನಕೊಂಬೊ ಎಂಬವಳ ಹದಿನಾಲ್ಕು ಸಾಲು.
ದೋಣಿ ಎಂಜಿನ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಕೂತು,
ಗ್ರೀಸ್ ಒರೆಸಿಕೊಂಡ ಬೆರಳಲ್ಲಿ ಬರೆದದ್ದು.
ಪ್ರತಿ ಉಬ್ಬರವನ್ನೂ ಆಕೆ ಆರು ಗಂಟೆ ಹಿಂದಕ್ಕೆ ತಳ್ಳಿದ್ದಳು.
ಏಳಿದ್ದದ್ದು ಒಂದು. ಹನ್ನೆರಡಿದ್ದದ್ದು ಆರು.

ಆರು ಗಂಟೆ!
ಉಬ್ಬರವೆಂದು ನಂಬಿ ಹೊರಟವ ಇಳಿತದ ಕೆಸರಲ್ಲಿ ಕೂರುತ್ತಾನೆ.
ಐಲರ್ಟ್ ಬರೆದ: ತಪ್ಪು. ಬೇಡ.
ಕಳಿಸಬೇಕು, ಅಷ್ಟರಲ್ಲಿ ಕೆಳಗಿನ ಸಾಲು ಕಂಡಿತು:
“ಇದು ನನ್ನ ಮೊದಲನೆಯದು.
ತಪ್ಪಿದ್ದರೆ ತಿಳಿಸಿ, ಅಳಿಸಬೇಡಿ.”

ನಮ್ಮ ಮಾತಿನಲ್ಲಿ ತಪ್ಪನ್ನೂ ತಿದ್ದುತ್ತೇವೆ,
ಅಕ್ಷರವನ್ನೂ ತಿದ್ದಿಸುತ್ತೇವೆ, ಅಕ್ಕಿಯ ಮೇಲೆ, ಬೆರಳು ಹಿಡಿದು.
ಮೊದಲನೆಯದಕ್ಕೆ ತಪ್ಪು ಸಿಕ್ಕರಾಯಿತು.
ಎರಡನೆಯದಕ್ಕೆ ಬೆರಳು ಬೇಕು,
ಒಂದು ದಿನ ಆ ಬೆರಳನ್ನು ಬಿಡಲೂ ಬೇಕು.
ಐಲರ್ಟನ ಭಾಷೆಯಲ್ಲಿ ಈ ಅನುಕೂಲ ಉಂಟೋ ಇಲ್ಲವೋ,
ನಾನು ಕೇಳಿಲ್ಲ.
ಅವನು ಮಾತ್ರ ಬರೆದದ್ದನ್ನು ಅಳಿಸಿ, ಕೇಳಿದ:
ನಿಮ್ಮೂರಲ್ಲಿ ಒಂದು ಗಂಟೆ ಎಂದರೆ ಯಾವಾಗ?

“ಹೊತ್ತು ಹುಟ್ಟಿ ಒಂದು ಗಂಟೆಯಾದಾಗ. ಮತ್ತಿನ್ನು ಯಾವಾಗ?
ನಿಮ್ಮ ಪಟ್ಟಿಯ ಏಳನ್ನು ನಮ್ಮ ಏಳೆಂದುಕೊಂಡು
ಮಧ್ಯಾಹ್ನ ಹೊರಟ ಮಾವ ಎರಡು ಸಲ ಕೆಸರಲ್ಲಿ ಕೂತ.
ನಿಮ್ಮೂರಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ?”

ಐಲರ್ಟ್ ಕಿಟಕಿಯತ್ತ ನೋಡಿದ.
“ಜನವರಿಗೆ” ಎಂದು ಬರೆದ.

ಅಲ್ಲಿಂದ ಐದು ವಾರ.
ಅವನೇ ಕೂತಿದ್ದರೆ ಇಪ್ಪತ್ತು ನಿಮಿಷದ ಕೆಲಸ.
ಲಾಮುವಿನ ಗಂಟೆ ನಾರ್ವೆಯ ದೋಣಿಗೂ ಹತ್ತಿಕೊಂಡರೆ?
ಕೇಳಿದ, ಉತ್ತರ ಹೇಳಲಿಲ್ಲ.
ಆಕೆ ಮೂರು ಸಲ ಮುರಿದಳು, ಒಮ್ಮೆ ಅತ್ತಳು
(ಇದು ಎಷ್ಟೋ ತಿಂಗಳ ಮೇಲೆ ಗೊತ್ತಾದದ್ದು),
ಒಂದು ವಾರ ಸುದ್ದಿಯೇ ಇಲ್ಲ.
ಆ ವಾರ ಐಲರ್ಟ್ ಇಪ್ಪತ್ತು ನಿಮಿಷಗಳನ್ನು
ಜೇಬಿನಲ್ಲಿ ಕೆಂಡದಂತೆ ಇಟ್ಟುಕೊಂಡು ತಿರುಗಿದ.

ಈಚೆಗೆ ಅವನು ಸಣ್ಣ ತಪ್ಪುಗಳನ್ನು ಕಂಡೂ ಕೈ ಹಾಕುವುದಿಲ್ಲ.
ಕೊಯ್ದ ಹೊಲದಲ್ಲಿ ಹಕ್ಕಲು ಬಿಟ್ಟಂತೆ,
ಪಕ್ಕದಲ್ಲಿ “ಹೊಸಬರಿಗೆ” ಎಂದು ಬರೆದು
ಹಾಗೇ ಬಿಡುತ್ತಾನೆ.
ಹಳೆಯ ಗೆಳೆಯರು ನಗುತ್ತಾರೆ: ಮೂವತ್ತೊಂದು ತಪ್ಪು, ಮಾರಾಯ,
ಸೋಮಾರಿಯಾದೆ!

ಈಗ ಎರಡನೆಯ ಚಳಿಗಾಲ. ಕೀಲಿಗಳು ಎರಡು,
ಒಂದು ಲಾಮುವಿನಲ್ಲಿದೆ.
ಓರ್ಟಾ ಬಂದರಿನಿಂದ ಔರೆಲಿಯಾನು ಎಂಬ ಹುಡುಗ
ಗೋಜಲಾದ ಎಂಟು ಸಾಲು ಕಳಿಸಿದ್ದಾನೆ.
ಮ್ವನಕೊಂಬೊ ಮೊದಲು ಅವನ ಊರಿನ ಗಾಳಿಯ ಬಗ್ಗೆ ಕೇಳಿ,
ಆಮೇಲೆ ಸಾವಧಾನವಾಗಿ ಮೂರು ಸಲಹೆ ಬರೆದಿದ್ದಾಳೆ.
ಎರಡನೆಯದು ತಪ್ಪು.

ಐಲರ್ಟನಿಗೆ ಕಂಡಿದೆ.
ಬೆರಳುಗಳು ತಾವಾಗಿಯೇ ಕೀಲಿಮಣೆಗೆ ಹೋದವು.
ಅವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಡಿಗೆಮನೆಗೆ ನಡೆದ.
ಹೊರಗೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ,
ಕತ್ತಲು, ಕಾಣಿಸಲಿಲ್ಲ.
ಒಬ್ಬನ ಊಟಕ್ಕೆ
ಎಂಟು ಆಲೂಗಡ್ಡೆ ಸುಲಿದ.